ನಡುಗುವ ಮಷಿನ್‌ಗೆ ಮ್ಯಾಗ್ನೆಟಿಕ್ ಬೇರಿಂಗ್ ಬೇಕಾ? ಐದು ದಾರಿ, ಅವುಗಳ ಲಾಭ ನಷ್ಟ

“ಸರ್, ಮ್ಯಾಗ್ನೆಟಿಕ್ ಬೇರಿಂಗ್ ಹಾಕಿಸಿಬಿಟ್ರೆ ವೈಬ್ರೇಶನ್ ಪೂರ್ತಿ ಹೋಗುತ್ತಂತೆ, ಹೌದಾ?”

ಈಚೆಗೆ ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತಿದೆ. ಕೇಳುವವರು ಒಂದೇ ಥರದವರಲ್ಲ. ಒಬ್ಬರು ಸಕ್ಕರೆ ಕಾರ್ಖಾನೆಯ ಮೇಂಟೆನೆನ್ಸ್ ಎಂಜಿನಿಯರ್. ಇನ್ನೊಬ್ಬರು ಪೀಣ್ಯದಲ್ಲಿ ಸ್ಪಿಂಡಲ್, ಅಂದರೆ ಮಷಿನ್ ಟೂಲಿನಲ್ಲಿ ಕಟರ್ ತಿರುಗಿಸುವ ಶಾಫ್ಟ್, ರಿಪೇರಿ ಮಾಡುವವರು. ಮೊನ್ನೆ ಬಂದವರು ಕೊಳಚೆ ನೀರಿನ ಘಟಕಕ್ಕೆ ಗಾಳಿ ಊದುವ ಬ್ಲೋವರ್ ಕೊಳ್ಳಲು ಹೊರಟವರು. ಕೈಯಲ್ಲಿ ಮೂರು ಕೊಟೇಶನ್. ಒಂದು ಬಾಲ್ ಬೇರಿಂಗಿನದು, ಒಂದು ಏರ್ ಫಾಯಿಲ್, ಒಂದು ಮ್ಯಾಗ್ನೆಟಿಕ್. ಮೂರೂ ಕಡೆಯವರು “ನಮ್ಮ ಮಷಿನ್ ನಡುಗೋದೇ ಇಲ್ಲ” ಅಂದಿದ್ದರಂತೆ.

ನನ್ನ ಕೆಲಸ ವೈಬ್ರೇಶನ್ ಅಳೆಯುವುದು. ಬ್ಯಾಗಿನಲ್ಲಿ ಒಂದು ಅನಲೈಸರ್, ನಾಲ್ಕು ಸೆನ್ಸರ್, ಟಾರ್ಚ್, ಒಂದು ಐದು ರೂಪಾಯಿ ನಾಣ್ಯ. ಬೇರಿಂಗ್ ಮಾರುವವನಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಮ್ಯಾಗ್ನೆಟಿಕ್ ಬೇರಿಂಗ್, ಅಂದರೆ ತಿರುಗುವ ಶಾಫ್ಟನ್ನು ಮುಟ್ಟದೆ ಆಯಸ್ಕಾಂತದ ಎಳೆತದಲ್ಲಿ ತೇಲಿಸಿ ಹಿಡಿಯುವ ಬೇರಿಂಗ್, ನಡುಕವನ್ನು ಮಾಯ ಮಾಡುವುದಿಲ್ಲ. ನಡುಕ ಶಾಫ್ಟಿನಲ್ಲಿ ಇರಬೇಕಾ, ಬೇರಿಂಗನ್ನು ಹಿಡಿದಿರುವ ಹೊರಗಿನ ಹೌಸಿಂಗಿನಲ್ಲಿ ಇರಬೇಕಾ ಅಂತ ಆರಿಸುವ ಅವಕಾಶ ಕೊಡುತ್ತದೆ. ಆ ಅವಕಾಶ ದುಬಾರಿ. ಕೆಲವರಿಗೆ ಅದು ಬೇಕೇ ಬೇಕು, ಬಹಳ ಜನರಿಗೆ ಬೇಡ.

ಮೊದಲು ಕಾಯಿಲೆ ಯಾವುದು ನೋಡಿ

ಹೋದ ವರ್ಷ ಒಂದು ಕಾರ್ಖಾನೆಗೆ ಹೋಗಿದ್ದೆ. ಬಾಯ್ಲರಿನ ಹೊಗೆ ಎಳೆಯುವ ದೊಡ್ಡ ಐಡಿ ಫ್ಯಾನ್. ಮೂರು ಸಲ ಬ್ಯಾಲೆನ್ಸ್ ಮಾಡಿಸಿದ್ದರು, ಎರಡು ಸಲ ಬೇರಿಂಗ್ ಬದಲಿಸಿದ್ದರು. ಬೇರೆ ಜಾತಿಯ ಬೇರಿಂಗಿಗೆ ಕೊಟೇಶನ್ ಕೂಡ ತರಿಸಿದ್ದರು. ನಾನು ಪೀಠದ ನಾಲ್ಕೂ ಬೋಲ್ಟ್ ಪಕ್ಕ ಸೆನ್ಸರ್ ಇಟ್ಟು ನೋಡಿದೆ. ಮೂರು ಕಡೆ ರೀಡಿಂಗ್ ಸಣ್ಣದು. ನಾಲ್ಕನೆಯ ಕಡೆ ಐದು ಪಟ್ಟು. ಬೋಲ್ಟ್ ಬಿಗಿಯಾಗಿಯೇ ಇತ್ತು. ಅದರ ಕೆಳಗೆ ತುಂಬಿದ್ದ ಗಾರೆ, ಅಂದರೆ ಗ್ರೌಟ್, ಪುಡಿಯಾಗಿತ್ತು. ಉಗುರಿನಲ್ಲಿ ಕೆರೆದರೆ ರವೆ ಥರ ಉದುರುತ್ತಿತ್ತು. ಹೊಸ ಗ್ರೌಟ್ ಹಾಕಿ, ಒಣಗಲು ಬಿಟ್ಟು, ಮತ್ತೆ ಓಡಿಸಿದರು. ಅಷ್ಟೇ. ಆ ಫ್ಯಾನಿಗೆ ಚಿನ್ನದ ಬೇರಿಂಗ್ ಹಾಕಿದ್ದರೂ ನಡುಗುತ್ತಲೇ ಇರುತ್ತಿತ್ತು.

ಹಾಗಾಗಿ ಬೇರಿಂಗ್ ಆರಿಸುವ ಮೊದಲು ಸ್ಪೆಕ್ಟ್ರಂ, ಅಂದರೆ ಯಾವ ವೇಗದ ನಡುಕ ಎಷ್ಟಿದೆ ಅಂತ ತೋರಿಸುವ ಗ್ರಾಫ್, ತೆಗೆಸಿ. ಶಾಫ್ಟ್ ತಿರುಗುವ ವೇಗದಲ್ಲೇ ದೊಡ್ಡ ಗೆರೆ ಎದ್ದಿದ್ದರೆ ಬಹುಪಾಲು ಅನ್‌ಬ್ಯಾಲೆನ್ಸ್, ಅಂದರೆ ತೂಕ ಒಂದು ಕಡೆಗೆ ಹೆಚ್ಚಿದೆ. ಅದರ ಎರಡು ಪಟ್ಟಿನಲ್ಲಿ ಎದ್ದಿದ್ದರೆ ಕಪ್ಲಿಂಗ್ ಅಲೈನ್‌ಮೆಂಟ್ ಕಡೆ ಅನುಮಾನ ಪಡಿ. ಅರ್ಧಕ್ಕಿಂತ ಸ್ವಲ್ಪ ಕೆಳಗೆ, 0.42ರಿಂದ 0.48 ಪಟ್ಟಿನ ನಡುವೆ ಎದ್ದಿದ್ದರೆ ಅದು ಎಣ್ಣೆಯ ಪದರ ಶಾಫ್ಟನ್ನು ಸುತ್ತಿಸುತ್ತಿರುವ ಲಕ್ಷಣ. ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕುಣಿದು, ಅದನ್ನು ದಾಟಿದ ಮೇಲೆ ತಣ್ಣಗಾದರೆ ಕ್ರಿಟಿಕಲ್ ಸ್ಪೀಡ್. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಮಗು ತಳ್ಳಿದರೂ ಮೇಲಕ್ಕೆ ಹೋಗುತ್ತಲ್ವಾ, ಅದೇ ಕಥೆ. ಬೇರಿಂಗ್ ಬದಲಾವಣೆಯಿಂದ ನಿಜವಾಗಿ ಪರಿಹಾರ ಸಿಗುವುದು ಕೊನೆಯ ಎರಡು ಕಾಯಿಲೆಗಳಿಗೆ.

ಯಾವುದನ್ನು ಅಳತೆಗೋಲು ಮಾಡಿಕೊಳ್ಳಬೇಕು

ನಾನು ಆರು ವಿಷಯ ಕೇಳುತ್ತೇನೆ. ಮಷಿನ್ ಓಡುವ ವೇಗ ಕ್ರಿಟಿಕಲ್ ಸ್ಪೀಡಿಗೆ ಎಷ್ಟು ಹತ್ತಿರ, ಅದನ್ನು ದಾಟಿ ಹೋಗಬೇಕಾ? ರೋಟರ್, ಅಂದರೆ ತಿರುಗುವ ಭಾಗ, ಎಷ್ಟು ಭಾರ? ಎಣ್ಣೆ ಇದ್ದರೆ ತೊಂದರೆಯಾ? ದಿನಕ್ಕೆ ಎಷ್ಟು ಸಲ ಆನ್ ಆಫ್? ಕರೆಂಟ್ ಎಷ್ಟು ನಂಬಬಹುದು? ಕೊನೆಯದು ಎಲ್ಲರೂ ಮರೆಯುವಂಥದ್ದು: ರಾತ್ರಿ ಎರಡು ಗಂಟೆಗೆ ಕೆಟ್ಟರೆ ಕೈ ಹಾಕುವವರು ಯಾರು?

ಬೆಲೆಯನ್ನು ಈ ಪಟ್ಟಿಯಲ್ಲಿ ಬೇಕೆಂದೇ ಬಿಟ್ಟಿದ್ದೇನೆ. ಈ ಆರಕ್ಕೆ ಉತ್ತರ ಸಿಕ್ಕರೆ ಎರಡು ಮೂರು ದಾರಿ ತಾನಾಗಿ ಬಿದ್ದುಹೋಗುತ್ತವೆ. ಉಳಿದದ್ದರಲ್ಲಿ ಬೆಲೆ ನೋಡಿದರೆ ಸಾಕು.

ದಾರಿ ಒಂದು: ಇರುವ ಬಾಲ್ ಬೇರಿಂಗ್, ಒಳ್ಳೆಯ ಬ್ಯಾಲೆನ್ಸಿಂಗ್

ಇದು ಸಾವಿರಗಳಲ್ಲಿ ಮುಗಿಯುವ ಕೆಲಸ. ಬ್ಯಾಲೆನ್ಸಿಂಗಿಗೆ ಐಎಸ್‌ಒ 21940ರ 11ನೇ ಭಾಗದಲ್ಲಿ ದರ್ಜೆಗಳಿವೆ, ಅಂಕಿ ಸಣ್ಣದಾದಷ್ಟೂ ಬಿಗಿ. ಮೊದಲು ಇದನ್ನೇ 1940 ಅನ್ನುತ್ತಿದ್ದರು, ವರ್ಕ್‌ಶಾಪುಗಳಲ್ಲಿ ಈಗಲೂ ಅದೇ ಹೆಸರು ಓಡುತ್ತದೆ. ಸಾಮಾನ್ಯ ಫ್ಯಾನ್, ಪಂಪಿಗೆ ಜಿ 6.3. ಟರ್ಬೈನ್, ಮಷಿನ್ ಟೂಲಿಗೆ ಜಿ 2.5. ಗ್ರೈಂಡಿಂಗ್ ಮಷಿನ್ನಿನ ಡ್ರೈವ್‌ಗೆ ಜಿ 1.

ದರ್ಜೆ ಒಂದೇ ಆದರೂ ವೇಗ ಏರಿದಂತೆ ಅದು ಬಿಗಿಯಾಗುತ್ತದೆ. ಜಿ 2.5 ಅಂದರೆ 3,000 ಆರ್‌ಪಿಎಂನಲ್ಲಿ ತೂಕದ ಕೇಂದ್ರ ಸುಮಾರು 8 ಮೈಕ್ರಾನ್ ಪಕ್ಕಕ್ಕೆ ಇರಬಹುದು (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). 30,000 ಆರ್‌ಪಿಎಂನಲ್ಲಿ 0.8 ಮೈಕ್ರಾನ್ ಮಾತ್ರ. ಫ್ಯಾನ್ ಬ್ಯಾಲೆನ್ಸ್ ಮಾಡುವವರ ಕೈಗೆ ಟರ್ಬೋ ರೋಟರ್ ಕೊಡಬೇಡಿ ಅನ್ನುವುದು ಇದಕ್ಕೇ.

ಬಾಲ್ ಬೇರಿಂಗಿನ ದೊಡ್ಡ ಕೊರತೆ ಅಂದರೆ ಅದಕ್ಕೆ ಡ್ಯಾಂಪಿಂಗ್, ಅಂದರೆ ನಡುಕವನ್ನು ಹೀರಿ ತಣಿಸುವ ಗುಣ, ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕಬ್ಬಿಣದ ಮೇಲೆ ಕಬ್ಬಿಣ. ಕ್ರಿಟಿಕಲ್ ಸ್ಪೀಡಿಗಿಂತ ಕೆಳಗೇ ಓಡುವ ಮಷಿನ್‌ಗೆ ಇದರಿಂದ ತೊಂದರೆ ಇಲ್ಲ. ಪಂಪು, ಫ್ಯಾನು, ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ ಕುಟ್ಟುವ ರೂಟ್ಸ್ ಬ್ಲೋವರು, ಇವೆಲ್ಲ ಇದೇ ಗುಂಪು. ಇವಕ್ಕೆ ಬೇರೆ ಬೇರಿಂಗ್ ಹುಡುಕುವುದು ದುಡ್ಡು ಚೆಲ್ಲುವ ಕೆಲಸ.

ಪೀಣ್ಯದ ಸ್ಪಿಂಡಲ್ ಸ್ನೇಹಿತರಿಗೂ ಬಹುಪಾಲು ಇದೇ ಉತ್ತರ. ಸೆರಾಮಿಕ್ ಬಾಲ್ ಇರುವ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್, ಸರಿಯಾದ ಪ್ರೀಲೋಡ್ (ಜೋಡಿಸುವಾಗಲೇ ಕೊಡುವ ಒತ್ತಡ), ಚೊಕ್ಕಟ ಜೋಡಣೆ. ಮ್ಯಾಗ್ನೆಟಿಕ್ ಸ್ಪಿಂಡಲ್‌ಗಳು ಇಲ್ಲವೆಂದಲ್ಲ. ಆದರೆ ಕಟರ್ ಲೋಹಕ್ಕೆ ಕಚ್ಚಿದಾಗ ಸ್ಪಿಂಡಲ್ ಜಗ್ಗದೆ ನಿಲ್ಲಬೇಕು. ಆ ಗಟ್ಟಿತನವನ್ನು ಅಷ್ಟು ಸಣ್ಣ ಜಾಗದಲ್ಲಿ, ಅಷ್ಟು ಕಡಿಮೆ ಬೆಲೆಗೆ ಕೊಡುವುದು ಬಾಲ್ ಬೇರಿಂಗೇ.

ದಾರಿ ಎರಡು: ಬಾಲ್ ಬೇರಿಂಗಿನ ಸುತ್ತ ಎಣ್ಣೆಯ ಹಾಸಿಗೆ

ಇದಕ್ಕೆ ಸ್ಕ್ವೀಜ್ ಫಿಲ್ಮ್ ಡ್ಯಾಂಪರ್ ಅನ್ನುತ್ತಾರೆ. ಬೇರಿಂಗಿನ ಹೊರ ರಿಂಗನ್ನು ಹೌಸಿಂಗಿನಲ್ಲಿ ಬಿಗಿಯಾಗಿ ಕೂರಿಸುವುದಿಲ್ಲ. ನಡುವೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಂದು ಬಿಟ್ಟು ಎಣ್ಣೆ ತುಂಬುತ್ತಾರೆ. ಹೊರ ರಿಂಗ್ ತಿರುಗುವುದಿಲ್ಲ, ಸುಮ್ನೆ ಅಲುಗಾಡುತ್ತದೆ. ಅಲುಗಾಡಿದಾಗ ಎಣ್ಣೆ ಹಿಂಡಿಕೊಂಡು ಪಕ್ಕಕ್ಕೆ ಹೋಗಬೇಕು. ಆ ಹಿಂಡುವಿಕೆಯೇ ಡ್ಯಾಂಪಿಂಗ್. ವಿಮಾನದ ಜೆಟ್ ಎಂಜಿನ್‌ಗಳು ಕ್ರಿಟಿಕಲ್ ಸ್ಪೀಡ್ ದಾಟುವುದು ಹೆಚ್ಚಾಗಿ ಇದರ ಭರವಸೆಯ ಮೇಲೆ. ಬಾಲ್ ಬೇರಿಂಗಿನ ಕಾರ್ ಟರ್ಬೋದಲ್ಲೂ ಕಾರ್ಟ್ರಿಜ್ ಹೀಗೇ ಎಣ್ಣೆಯಲ್ಲಿ ತೇಲುತ್ತಿರುತ್ತದೆ.

ಬೆಲೆಗೆ ಹೋಲಿಸಿದರೆ ಸಿಗುವ ಲಾಭ ಜಾಸ್ತಿ. ನನಗೆ ಇಷ್ಟದ ದಾರಿ. ಆದರೆ ಡಿಸೈನ್ ಮಾಡುವಾಗಲೇ ಯೋಚಿಸಿರಬೇಕು, ಇರುವ ಮಷಿನ್‌ಗೆ ಆಮೇಲೆ ತುರುಕುವುದು ಕಷ್ಟ. ಇನ್ನೊಂದು ಮಾತು. ಅನ್‌ಬ್ಯಾಲೆನ್ಸ್ ಮಿತಿ ಮೀರಿದರೆ, ಬ್ಲೇಡ್ ತುಂಡಾದಾಗ ಆಗುವ ಹಾಗೆ, ಎಣ್ಣೆಯ ಪದರ ಇದ್ದಕ್ಕಿದ್ದಂತೆ ಕಲ್ಲಿನ ಥರ ಗಟ್ಟಿಯಾಗುತ್ತದೆ. ಆಗ ಅದು ನಡುಕ ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ.

ದಾರಿ ಮೂರು: ಪೂರ್ತಿ ಎಣ್ಣೆಯ ಮೇಲೆ ತೇಲುವ ಶಾಫ್ಟ್

ದೊಡ್ಡ ಮಷಿನ್‌ಗಳ ರಾಜ ಇದೇ. ರಾಯಚೂರು ಥರ್ಮಲ್ ಸ್ಟೇಷನ್‌ನ 210 ಮೆಗಾವಾಟ್ ಯೂನಿಟ್‌ಗಳ ಶಾಫ್ಟು 3,000 ಆರ್‌ಪಿಎಂನಲ್ಲಿ ತಿರುಗುವುದು ಎಣ್ಣೆಯ ಪದರದ ಮೇಲೆ. ಸಕ್ಕರೆ ಕಾರ್ಖಾನೆಗಳಲ್ಲಿ ಕರೆಂಟ್ ಮಾಡುವ ಕೋಜನ್ ಟರ್ಬೈನೂ ಹಾಗೇ.

ಭಾರ ಹೊರುವ ಲೆಕ್ಕದಲ್ಲಿ ಮ್ಯಾಗ್ನೆಟಿಕ್ ಬೇರಿಂಗ್ ಇದರ ಹತ್ತಿರ ಬರುವುದಿಲ್ಲ. 100 ಮಿಮೀ ವ್ಯಾಸ, 100 ಮಿಮೀ ಉದ್ದದ ಬೇರಿಂಗ್ ತೆಗೆದುಕೊಳ್ಳಿ. ಎಣ್ಣೆಯದು ಸುಮಾರು ಎರಡು ಟನ್ ಹೊರುತ್ತದೆ. ಅದೇ ಅಳತೆಯ ಮ್ಯಾಗ್ನೆಟಿಕ್ ಬೇರಿಂಗ್ ಹೆಚ್ಚೆಂದರೆ ನಾನ್ನೂರು ಕೆಜಿ ಆಸುಪಾಸು. ಕಬ್ಬಿಣದಲ್ಲಿ ಕಾಂತಶಕ್ತಿ ಒಂದು ಮಟ್ಟಕ್ಕೆ ತುಂಬಿಕೊಂಡ ಮೇಲೆ ಕರೆಂಟ್ ಎಷ್ಟು ಕೊಟ್ಟರೂ ಎಳೆತ ಏರುವುದು ಅಷ್ಟಕ್ಕಷ್ಟೇ. ಇದು ಪ್ರಕೃತಿಯ ಮಿತಿ, ಕಂಪನಿಯದ್ದಲ್ಲ.

ಎಣ್ಣೆಯ ಪದರದಿಂದ ಡ್ಯಾಂಪಿಂಗ್ ಧಾರಾಳವಾಗಿ ಸಿಗುತ್ತದೆ. ಆದರೆ ಅದೇ ಪದರ ಕೆಲವೊಮ್ಮೆ ಕಾಟ ಕೊಡುತ್ತದೆ. ಬೇರಿಂಗಿನ ಒಳಗೆ ಎಣ್ಣೆ ಶಾಫ್ಟಿನ ಅರ್ಧ ವೇಗದಲ್ಲಿ ಸುತ್ತುತ್ತಿರುತ್ತದೆ. ಶಾಫ್ಟಿನ ಮೇಲೆ ಭಾರ ಕಡಿಮೆಯಾದರೆ ಎಣ್ಣೆ ಅದನ್ನು ಜೊತೆಗೇ ಎಳೆದುಕೊಂಡು ಸುತ್ತಿಸಲು ಶುರುಮಾಡುತ್ತದೆ. ಇದನ್ನು ನ್ಯೂಕರ್ಕ್ ಮತ್ತು ಟೇಲರ್ 1925ರಲ್ಲೇ ವಿವರಿಸಿದ್ದಾರೆ. ವೇಗ ಕ್ರಿಟಿಕಲ್ ಸ್ಪೀಡಿನ ಎರಡು ಪಟ್ಟು ದಾಟಿದರೆ ಈ ಸುತ್ತಾಟ ಕ್ರಿಟಿಕಲ್ ಸ್ಪೀಡಿಗೇ ಅಂಟಿಕೊಂಡು ಕೂರುತ್ತದೆ. ಆಗ ಬ್ಯಾಲೆನ್ಸಿಂಗಿನಿಂದ ಏನೂ ಆಗುವುದಿಲ್ಲ.

ಶುರುವಿನಲ್ಲಿ ಹೇಳಿದ ಸಕ್ಕರೆ ಕಾರ್ಖಾನೆಯವರ ಟರ್ಬೈನಿಗೂ ಇದೇ ಕಾಯಿಲೆ. 0.46 ಪಟ್ಟಿನಲ್ಲಿ ಗೆರೆ. ಸೀಸನ್ ನಡುವೆ ನಿಲ್ಲಿಸುವಂತಿಲ್ಲ, ಕಬ್ಬಿನ ಲಾರಿಗಳು ಗೇಟಿನಿಂದ ಹೆದ್ದಾರಿಯವರೆಗೆ ನಿಂತಿದ್ದವು. ಕೂಲರಿನ ನೀರು ಸ್ವಲ್ಪ ತಗ್ಗಿಸಿ, ತಯಾರಕರು ಕೊಟ್ಟ ಮಿತಿಯ ಒಳಗೇ, ಎಣ್ಣೆಯ ಬಿಸಿಯನ್ನು ನಿಧಾನಕ್ಕೆ ಏರಿಸಿದೆವು. ಎಣ್ಣೆ ತೆಳ್ಳಗಾಯಿತು, ಶಾಫ್ಟ್ ಸ್ವಲ್ಪ ಕೆಳಗೆ ಕೂತಿತು. ಸ್ಕ್ರೀನಿನ ಮೇಲೆ ಆ ಗೆರೆ ಕುಗ್ಗುತ್ತ ಕುಗ್ಗುತ್ತ ಹೋಗಿ ಮಲಗಿಬಿಟ್ಟಿತು. ಸೀಸನ್ ಮುಗಿದ ಮೇಲೆ ಟಿಲ್ಟಿಂಗ್ ಪ್ಯಾಡ್ ಬೇರಿಂಗ್ ಹಾಕಿಸಿ ಅಂದೆ. ಅದರಲ್ಲಿ ಒಂದೇ ದುಂಡನೆಯ ಬುಷ್ ಬದಲು ನಾಲ್ಕೈದು ತುಂಡುಗಳು ಬೇರೆ ಬೇರೆಯಾಗಿ ವಾಲಿಕೊಳ್ಳುತ್ತವೆ. ಎಣ್ಣೆಗೆ ಶಾಫ್ಟನ್ನು ಸುತ್ತಿಸುವ ಹಿಡಿತವೇ ಸಿಗುವುದಿಲ್ಲ. ಅವರಿಗೆ ಮ್ಯಾಗ್ನೆಟಿಕ್ ಬೇರಿಂಗ್ ಬೇಡವೇ ಬೇಡ.

ಎಣ್ಣೆಯ ಬೇರಿಂಗಿನ ಜೊತೆಗೆ ಏನೇನು ಬರುತ್ತದೆ ಅಂತ ಮರೆಯಬಾರದು. ಟ್ಯಾಂಕು, ಪಂಪು, ಕರೆಂಟ್ ಹೋದಾಗಿನ ಎಮರ್ಜೆನ್ಸಿ ಪಂಪು, ಕೂಲರ್, ಫಿಲ್ಟರ್, ಸೀಲು, ಬೆಂಕಿಯ ಭಯ. ಸಣ್ಣ ಮಷಿನ್‌ಗೆ ಇಷ್ಟೆಲ್ಲ ಹೊರೆ.

ದಾರಿ ನಾಲ್ಕು: ಗಾಳಿಯ ಮೇಲೆ ತೇಲಿಸುವ ಫಾಯಿಲ್ ಬೇರಿಂಗ್

ಶಾಫ್ಟಿನ ಸುತ್ತ ತೆಳ್ಳನೆಯ ಲೋಹದ ಹಾಳೆ. ಅದರ ಹಿಂದೆ ಅಲೆ ಅಲೆಯಾಗಿ ಮಡಿಚಿದ ಇನ್ನೊಂದು ಹಾಳೆ, ಸ್ಪ್ರಿಂಗ್ ಥರ. ಶಾಫ್ಟ್ ಜೋರಾಗಿ ತಿರುಗಿದಾಗ ಗಾಳಿಯನ್ನು ತಾನೇ ಎಳೆದುಕೊಂಡು ಅದರ ಮೇಲೆ ತೇಲುತ್ತದೆ. ಎಣ್ಣೆ ಇಲ್ಲ, ಸೆನ್ಸರ್ ಇಲ್ಲ, ಕಂಟ್ರೋಲರ್ ಇಲ್ಲ. ವಿಮಾನದ ಏಸಿಯ ಸಣ್ಣ ಟರ್ಬೈನ್‌ಗಳಲ್ಲಿ ಇದು 1970ರ ದಶಕದಿಂದ ಇದೆ. ಕ್ಯಾಪ್‌ಸ್ಟೋನ್‌ನ 30 ಕಿಲೋವಾಟಿನ ಮೈಕ್ರೋಟರ್ಬೈನ್ 96,000 ಆರ್‌ಪಿಎಂನಲ್ಲಿ ಇದರ ಮೇಲೇ ಓಡುತ್ತದೆ.

ಕೊಳಚೆ ನೀರಿನ ಬ್ಲೋವರ್‌ಗಳಲ್ಲಿ ಮ್ಯಾಗ್ನೆಟಿಕ್ಕಿಗೆ ನೇರ ಎದುರಾಳಿ ಇದೇ, ಸಾಮಾನ್ಯವಾಗಿ ಅಗ್ಗ. ಇಲ್ಲಿ ಪ್ರಶ್ನೆ ಒಂದೇ. ದಿನಕ್ಕೆ ಎಷ್ಟು ಸಲ ಆನ್ ಆಫ್? ತೇಲುವಷ್ಟು ವೇಗ ಬರುವ ತನಕ ಶಾಫ್ಟ್ ಹಾಳೆಯ ಮೇಲೆ ಉಜ್ಜುತ್ತದೆ. ನಿಲ್ಲುವಾಗಲೂ ಉಜ್ಜುತ್ತದೆ. ಹಾಳೆಯ ಲೇಪನಕ್ಕೆ ಆಯಸ್ಸು ಇರುವುದು ಗಂಟೆಗಳಲ್ಲಿ ಅಲ್ಲ, ಸ್ಟಾರ್ಟ್‌ಗಳಲ್ಲಿ. ಒಮ್ಮೆ ಆನ್ ಮಾಡಿ ತಿಂಗಳುಗಟ್ಟಲೆ ಬಿಡುವ ಜಾಗಕ್ಕೆ ಚೆನ್ನ. ಟೈಮರ್ ಹಾಕಿ ಗಂಟೆಗೊಮ್ಮೆ ನಿಲ್ಲಿಸುವ ಜಾಗಕ್ಕೆ ಅಲ್ಲ.

ನಡುಕದ ವಿಷಯದಲ್ಲಿ ಇದು ಸಾಧಾರಣ. ಡ್ಯಾಂಪಿಂಗ್ ಬರುವುದು ಹಾಳೆಗಳು ಒಂದಕ್ಕೊಂದು ಉಜ್ಜುವುದರಿಂದ, ಅದು ಸ್ವಲ್ಪವೇ. ಫ್ಯಾಕ್ಟರಿಯಲ್ಲಿ ಹೇಗೆ ಬಂತೋ ಹಾಗೆ. ಆಮೇಲೆ ನೀವು ಏನನ್ನೂ ತಿರುಗಿಸಿ ಸರಿ ಮಾಡುವಂತಿಲ್ಲ.

ದಾರಿ ಐದು: ಆಕ್ಟಿವ್ ಮ್ಯಾಗ್ನೆಟಿಕ್ ಬೇರಿಂಗ್

ಸುಮ್ನೆ ಆಯಸ್ಕಾಂತ ಇಟ್ಟು ಶಾಫ್ಟನ್ನು ತೇಲಿಸಲು ಆಗುವುದಿಲ್ಲ. ಬದಲಾಗದ ಆಯಸ್ಕಾಂತಗಳ ಬಲದಿಂದ ಮಾತ್ರವೇ ಒಂದು ವಸ್ತುವನ್ನು ಎಲ್ಲ ದಿಕ್ಕಿನಲ್ಲೂ ಸ್ಥಿರವಾಗಿ ನಿಲ್ಲಿಸಲಾಗದು ಅಂತ ಅರ್ನ್‌ಶಾ 1842ರಲ್ಲೇ ತೋರಿಸಿದ್ದರು. ಹತ್ತಿರ ಹೋದಷ್ಟೂ ಎಳೆತ ಜಾಸ್ತಿ, ಆದ್ದರಿಂದ ಒಂದು ಕಡೆಗೆ ಬಿದ್ದೇ ಬೀಳುತ್ತದೆ. ಅದಕ್ಕೇ ‘ಆಕ್ಟಿವ್’.

ಅಂಗೈ ಮೇಲೆ ಉದ್ದನೆಯ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ವಾ? ಕಣ್ಣು ಕೋಲಿನ ತುದಿಯ ಮೇಲೆ. ಅದು ವಾಲಿದ ಕಡೆಗೆ ಕೈ ಓಡುತ್ತದೆ. ಕಣ್ಣು ಸೆನ್ಸರ್, ತಲೆ ಕಂಟ್ರೋಲರ್, ಕೈ ಆಯಸ್ಕಾಂತ. ಶಾಫ್ಟಿನ ಸುತ್ತ ಎದುರುಬದುರು ಕಾಯಿಲ್‌ಗಳು. ಸೆನ್ಸರ್ ಶಾಫ್ಟ್ ಎಲ್ಲಿದೆ ಅಂತ ಸೆಕೆಂಡಿಗೆ ಹತ್ತಾರು ಸಾವಿರ ಸಲ ನೋಡುತ್ತದೆ. ಕಂಟ್ರೋಲರ್ ಲೆಕ್ಕ ಹಾಕಿ ಆಂಪ್ಲಿಫೈಯರಿಗೆ ಹೇಳುತ್ತದೆ, ಈ ಕಡೆ ಕರೆಂಟ್ ಏರಿಸು, ಆ ಕಡೆ ಇಳಿಸು. ಎರಡು ಬೇರಿಂಗಿನಲ್ಲಿ ಎರಡೆರಡು ದಿಕ್ಕು, ಉದ್ದಕ್ಕೆ ಒಂದು, ಒಟ್ಟು ಐದು ದಿಕ್ಕಿನಲ್ಲಿ ಈ ಆಟ ಒಟ್ಟಿಗೆ ನಡೆಯುತ್ತದೆ.

ಉಳಿದ ನಾಲ್ಕು ದಾರಿಗಳಲ್ಲಿ ಜಗ್ಗದ ಗಟ್ಟಿತನ, ಡ್ಯಾಂಪಿಂಗ್ ಎರಡೂ ಲೋಹ ಮತ್ತು ಎಣ್ಣೆಯಲ್ಲಿ ಅಚ್ಚಾಗಿರುತ್ತವೆ. ಇಲ್ಲಿ ಅವು ಸಾಫ್ಟ್‌ವೇರಿನಲ್ಲಿರುವ ಅಂಕಿಗಳು. ಕ್ರಿಟಿಕಲ್ ಸ್ಪೀಡ್ ದಾಟುವಾಗ ಡ್ಯಾಂಪಿಂಗ್ ಏರಿಸಬಹುದು. ದಾಟಿದ ಮೇಲೆ ಮೆತ್ತಗೆ ಮಾಡಬಹುದು. ಇದು ನಿಜವಾದ ಲಾಭ.

ಇನ್ನೂ ದೊಡ್ಡ ಲಾಭ ಒಂದಿದೆ. ಬುಗುರಿ ಬಿಟ್ಟಾಗ ಮೊದಲು ಸ್ವಲ್ಪ ಅಲ್ಲಾಡಿ, ಆಮೇಲೆ ತನ್ನ ತೂಕದ ನಡುವನ್ನು ತಾನೇ ಹುಡುಕಿಕೊಂಡು ನಿದ್ದೆ ಹೋದ ಹಾಗೆ ನಿಲ್ಲುತ್ತದೆ. ಯಾರೂ ಹಿಡಿದಿಲ್ಲವಲ್ಲ, ಅದಕ್ಕೆ. ಸಾಮಾನ್ಯ ಬೇರಿಂಗ್ ಶಾಫ್ಟನ್ನು ಅದರ ಆಕಾರದ ನಡುವಿನಲ್ಲೇ ತಿರುಗು ಅಂತ ಬಲವಂತ ಮಾಡುತ್ತದೆ. ಆ ಜಗಳವೇ ಹೌಸಿಂಗಿಗೆ ನಡುಕವಾಗಿ ಬರುವುದು. 10 ಕೆಜಿಯ ರೋಟರ್, 30,000 ಆರ್‌ಪಿಎಂ, ತೂಕದ ಕೇಂದ್ರ 8 ಮೈಕ್ರಾನ್ ಪಕ್ಕಕ್ಕೆ ಅಂತ ಇಟ್ಟುಕೊಳ್ಳಿ. ಹಿಡಿದುಕೊಂಡರೆ ಸುಮಾರು 80 ಕೆಜಿ ತೂಕದಷ್ಟು ಬಲ ಸೆಕೆಂಡಿಗೆ 500 ಸಲ ದಿಕ್ಕು ಬದಲಿಸುತ್ತ ಬಡಿಯುತ್ತದೆ. ಮ್ಯಾಗ್ನೆಟಿಕ್ ಬೇರಿಂಗಿಗೆ ‘ತಿರುಗುವ ವೇಗದ ಅಲುಗಾಟವನ್ನು ಮಾತ್ರ ಕಂಡೂ ಕಾಣದ ಹಾಗಿರು’ ಅಂತ ಹೇಳಬಹುದು. ಆಗ ಶಾಫ್ಟ್ ಬುಗುರಿಯ ಹಾಗೆ ತನ್ನ ತೂಕದ ನಡುವಿನಲ್ಲಿ ತಿರುಗುತ್ತದೆ. ಆ 8 ಮೈಕ್ರಾನ್ ಶಾಫ್ಟಿನಲ್ಲೇ ಉಳಿಯುತ್ತದೆ. ಸುತ್ತ ಇರುವ ಸಂದು ಮಿಲಿಮೀಟರಿನ ಕಾಲು ಭಾಗ, ಅಂದರೆ 250 ಮೈಕ್ರಾನ್. ಯಾರಿಗೂ ತಾಗುವುದಿಲ್ಲ.

ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ಇಂಥ ಬೇರಿಂಗಿನ ಚಿಲ್ಲರ್ (ಏಸಿಗೆ ನೀರು ತಂಪು ಮಾಡುವ ಮಷಿನ್) ಶುರುವಾಗುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಶಾಫ್ಟ್ ಟಚ್‌ಡೌನ್ ಬೇರಿಂಗ್, ಅಂದರೆ ತೇಲದಿರುವಾಗ ಅದನ್ನು ಹೊರುವ ಬೇರಿಂಗ್, ಮೇಲೆ ಮಲಗಿರುತ್ತದೆ. ಲ್ಯಾಪ್‌ಟಾಪಿನಲ್ಲಿ ಶಾಫ್ಟ್ ಎಲ್ಲಿದೆ ಅಂತ ತೋರಿಸುವ ಚುಕ್ಕೆ ವೃತ್ತದ ತಳದಲ್ಲಿ. ‘ಟಿಕ್’ ಅಂತ ಒಂದು ಸಣ್ಣ ಸದ್ದು, ಚುಕ್ಕೆ ಚಂಗನೆ ನಡುವಿಗೆ ಬಂತು. ಆಮೇಲೆ ಮೋಟರ್ ತಿರುಗತೊಡಗಿತು. ಪೂರ್ತಿ ವೇಗಕ್ಕೆ ಬಂದ ಮೇಲೆ ಐದು ರೂಪಾಯಿ ನಾಣ್ಯವನ್ನು ಕಂಪ್ರೆಸರ್ ಮೇಲೆ ಅಂಚಿನ ಮೇಲೆ ನಿಲ್ಲಿಸಿದೆ. ನಿಂತಿತು. ಪಕ್ಕದ ನೀರಿನ ಪಂಪಿನ ಮೇಲೆ ನಿಲ್ಲಿಸಲು ಹೋದೆ, ಉರುಳಿ ಹೋಗಿ ಚರಂಡಿಗೆ ಬಿತ್ತು. ಈಗ ಬ್ಯಾಗಿನಲ್ಲಿರುವುದು ಎರಡನೆಯ ನಾಣ್ಯ.

ಇಷ್ಟು ಹೊಗಳಿದ ಮೇಲೆ ಬಿಲ್ಲೂ ನೋಡೋಣ.

ಹೌಸಿಂಗ್ ನಡುಗಬಾರದು, ಶಾಫ್ಟೂ ಅಲುಗಬಾರದು, ಎರಡನ್ನೂ ಒಟ್ಟಿಗೆ ಕೇಳುವಂತಿಲ್ಲ. ಅನ್‌ಬ್ಯಾಲೆನ್ಸ್ ಅಲ್ಲೇ ಇದೆ. ಕಂಪ್ರೆಸರ್, ಬ್ಲೋವರ್, ವ್ಯಾಕ್ಯೂಮ್ ಪಂಪಿಗೆ ಶಾಫ್ಟ್ ಸ್ವಲ್ಪ ಅಲುಗಿದರೆ ನಷ್ಟವಿಲ್ಲ. ಗ್ರೈಂಡಿಂಗ್ ಸ್ಪಿಂಡಲಿಗೆ ಆ ಅಲುಗಾಟ ಉಜ್ಜುತ್ತಿರುವ ಲೋಹದ ತುಂಡಿನ ಮೇಲೆ ಅಚ್ಚಾಗುತ್ತದೆ. ಅಲ್ಲಿ ಬಿಗಿಯಾಗಿ ಹಿಡಿಯಬೇಕು, ಬಲ ಮತ್ತೆ ಹೌಸಿಂಗಿಗೆ ಬಂತು. ಕ್ರಿಟಿಕಲ್ ಸ್ಪೀಡ್ ದಾಟುವಾಗಲೂ ‘ಕಂಡೂ ಕಾಣದ’ ಆಟ ನಡೆಯದು, ಆಗ ಹಿಡಿಯಲೇ ಬೇಕು.

ಬಾಗುವ ಶಾಫ್ಟಿನಲ್ಲಿ ಇನ್ನೊಂದು ಗುಂಡಿ ಇದೆ. ಸೆನ್ಸರ್ ಇರುವ ಜಾಗ ಮತ್ತು ಆಯಸ್ಕಾಂತ ಇರುವ ಜಾಗ ಒಂದೇ ಅಲ್ಲ, ಅಕ್ಕಪಕ್ಕ. ಶಾಫ್ಟ್ ಹಾವಿನಂತೆ ಬಾಗುವಾಗ ಅವೆರಡರ ನಡುವೆ ಅಲುಗದ ಬಿಂದು ಬಂದುಬಿಟ್ಟರೆ, ಸೆನ್ಸರ್ ‘ಮೇಲೆ ಹೋಯಿತು’ ಅನ್ನುವಾಗ ಆಯಸ್ಕಾಂತದ ಹತ್ತಿರ ಶಾಫ್ಟ್ ಕೆಳಗೆ ಹೋಗಿರುತ್ತದೆ. ಕಂಟ್ರೋಲರ್ ತಪ್ಪು ಕಡೆಗೆ ಎಳೆಯುತ್ತದೆ. ನಡುಕ ತಗ್ಗಿಸಲು ಕೊಂಡ ಬೇರಿಂಗೇ ನಡುಕ ಹುಟ್ಟಿಸುತ್ತದೆ. ಒಳ್ಳೆಯ ತಯಾರಕರು ಇದನ್ನು ಡಿಸೈನಿನಲ್ಲೇ ನೋಡಿಕೊಳ್ಳುತ್ತಾರೆ. ಹಳೆಯ ಮಷಿನ್‌ಗೆ ಇದನ್ನು ಹೊಂದಿಸಿ ಕೂರಿಸುವವರು ಎಷ್ಟರ ಮಟ್ಟಿಗೆ ನೋಡಿದ್ದಾರೆ ಅಂತ ಕೇಳಲೇಬೇಕು.

ಇಂಪೆಲ್ಲರ್, ಅಂದರೆ ಗಾಳಿ ತಳ್ಳುವ ರೆಕ್ಕೆಯ ಚಕ್ರ, ಬದಲಿಸಿದರೆ ಶಾಫ್ಟಿನ ಗುಣ ಬದಲಾಗುತ್ತದೆ, ಟ್ಯೂನಿಂಗ್ ಮತ್ತೆ ಮಾಡಬೇಕು. ಇದು ನಮ್ಮ ಫಿಟ್ಟರ್ ಸ್ಪ್ಯಾನರ್ ಹಿಡಿದು ಮಾಡುವ ಕೆಲಸವಲ್ಲ.

ಇನ್ನು ಕರೆಂಟ್. ಕೋಲಿನ ಆಟದಲ್ಲಿ ಒಂದು ಕ್ಷಣ ಕಣ್ಣು ಮುಚ್ಚಿ ನೋಡಿ. ಕರೆಂಟ್ ಹೋದರೆ ಶಾಫ್ಟ್ ಪೂರ್ತಿ ವೇಗದಲ್ಲಿ ಟಚ್‌ಡೌನ್ ಬೇರಿಂಗ್ ಮೇಲೆ ಬೀಳುತ್ತದೆ. ಆ ಬೇರಿಂಗ್ ಇಂಥ ಬೀಳುವಿಕೆಯನ್ನು ತಡೆಯುವುದು ಎಣಿಸಿದಷ್ಟು ಸಲ ಮಾತ್ರ. ಡ್ಯಾನ್‌ಫಾಸ್ ಟರ್ಬೋಕೋರ್ ಕಂಪ್ರೆಸರ್‌ಗಳಲ್ಲಿ ಇದಕ್ಕೆ ಜಾಣ ಉಪಾಯವಿದೆ. ಕರೆಂಟ್ ಹೋದ ಕೂಡಲೇ ಮೋಟರ್ ಜನರೇಟರ್ ಆಗುತ್ತದೆ, ಶಾಫ್ಟಿನ ಓಟದಿಂದಲೇ ಬೇರಿಂಗಿಗೆ ಕರೆಂಟ್ ಕೊಟ್ಟು, ವೇಗ ಇಳಿದ ಮೇಲೆ ಮೆಲ್ಲಗೆ ಇಳಿಸುತ್ತದೆ. ಬೇರೆ ಕಡೆ ಬ್ಯಾಟರಿ ಅಥವಾ ಯುಪಿಎಸ್. ನಿಮ್ಮ ಯುಪಿಎಸ್ ಬ್ಯಾಟರಿ ಕೊನೆಯ ಸಲ ಬದಲಿಸಿದ್ದು ಯಾವಾಗ? ಅದೇ ಈಗ ನಿಮ್ಮ ಬೇರಿಂಗಿನ ಆಯಸ್ಸು.

ಎಲ್ಲಿ ಇದು ಗೆದ್ದಿದೆ ನೋಡಿದರೆ ಕಾರಣ ಗೊತ್ತಾಗುತ್ತದೆ. 1976ರಲ್ಲಿ ಫ್ರಾನ್ಸಿನಲ್ಲಿ ಎಸ್‌2ಎಂ ಕಂಪನಿ ಇದಕ್ಕೆಂದೇ ಶುರುವಾಯಿತು. 1985ರಲ್ಲಿ ಕೆನಡಾದ ಆಲ್ಬರ್ಟಾದಲ್ಲಿ ನೋವಾ ಕಂಪನಿ ಗ್ಯಾಸ್ ಪೈಪ್‌ಲೈನಿನ ಕಂಪ್ರೆಸರಿಗೆ ಹಾಕಿತು. ಎಣ್ಣೆ ಗ್ಯಾಸಿಗೆ ಬೆರೆಯಬಾರದು, ದೂರದ ಸ್ಟೇಷನ್ನಿನಲ್ಲಿ ಎಣ್ಣೆಯ ಚಾಕರಿ ಇರಬಾರದು. 2015ರಲ್ಲಿ ನಾರ್ವೆಯ ಆಸ್‌ಗಾರ್ಡ್‌ನಲ್ಲಿ ಸಮುದ್ರದ ತಳದಲ್ಲಿ, ಸುಮಾರು 300 ಮೀಟರ್ ಆಳದಲ್ಲಿ, ಇದೇ ಬೇರಿಂಗಿನ ಕಂಪ್ರೆಸರ್ ಓಡಲು ಶುರುವಾಯಿತು. ಅಲ್ಲಿಗೆ ಎಣ್ಣೆ ಬದಲಿಸಲು ಯಾರು ಹೋಗುತ್ತಾರೆ? ಚಿಪ್ ಮಾಡುವ ಕಾರ್ಖಾನೆಗಳ ಟರ್ಬೋ ವ್ಯಾಕ್ಯೂಮ್ ಪಂಪಿನಲ್ಲಿ ಎಣ್ಣೆಯ ಆವಿಯೂ ಇರಬಾರದು. ಚಿಲ್ಲರ್‌ನಲ್ಲಿ ಎಣ್ಣೆ ಕೊಳವೆಗಳ ಮೇಲೆ ಪದರ ಕಟ್ಟಿ ತಂಪು ಕಡಿಮೆಯಾಗುತ್ತದೆ, ಎಣ್ಣೆಯೇ ಇಲ್ಲದಿದ್ದರೆ ಆ ತಲೆನೋವಿಲ್ಲ. ಇವರಲ್ಲಿ ಹೆಚ್ಚಿನವರು ಕೊಂಡದ್ದು ಎಣ್ಣೆ ಬೇಡ ಅಂತ. ನಡುಕದ ಹತೋಟಿ ಜೊತೆಯಲ್ಲಿ ಸಿಕ್ಕಿದ್ದು.

ಹಾಗಾದರೆ ಯಾರಿಗೆ ಯಾವುದು

ಬಜೆಟ್ ಸಣ್ಣದು, ಮಷಿನ್ ಹಳೆಯದು, ವೇಗ 3,000ದ ಆಸುಪಾಸು: ಗ್ರೌಟ್, ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್. ಮುಂದಕ್ಕೆ ಓದುವುದೇ ಬೇಡ.

ಟನ್‌ಗಟ್ಟಲೆ ತೂಕದ ಟರ್ಬೈನ್, ಪ್ಲಾಂಟಿನಲ್ಲಿ ಎಣ್ಣೆಯ ವ್ಯವಸ್ಥೆ ಹೇಗೂ ಇದೆ: ಟಿಲ್ಟಿಂಗ್ ಪ್ಯಾಡ್. ಹೊಸದಾಗಿ ಡಿಸೈನ್ ಮಾಡುತ್ತಿರುವ ಹಗುರ, ವೇಗದ ರೋಟರ್, ಎಣ್ಣೆ ಇದ್ದರೆ ತೊಂದರೆ ಇಲ್ಲ: ಬಾಲ್ ಬೇರಿಂಗ್ ಜೊತೆ ಡ್ಯಾಂಪರ್.

ಎಣ್ಣೆ ಬೇಡ, ವೇಗ ಹೆಚ್ಚು, ರೋಟರ್ ಹಗುರ, ಸದಾ ಓಡುತ್ತಿರುತ್ತದೆ, ದುಡ್ಡು ಮಿತಿಯಲ್ಲಿದೆ: ಫಾಯಿಲ್. ಅದೇ ಜಾಗದಲ್ಲಿ ದಿನಕ್ಕೆ ಹಲವು ಸಲ ಆನ್ ಆಫ್ ಇದೆ, ಲೋಡ್ ಏರಿಳಿತ ಜಾಸ್ತಿ, ಕರೆಂಟ್ ಹೋದಾಗ ಕಾಯುವ ವ್ಯವಸ್ಥೆ ಗಟ್ಟಿಯಾಗಿದೆ, ತಯಾರಕರ ಸರ್ವಿಸ್ ಊರಲ್ಲೇ ಸಿಗುತ್ತದೆ: ಮ್ಯಾಗ್ನೆಟಿಕ್. ಮೊದಲ ಬೆಲೆ ನೋಡಿ ಹೆದರಬೇಡಿ, ಹತ್ತು ವರ್ಷದ ಎಣ್ಣೆ, ಫಿಲ್ಟರ್, ಓವರ್‌ಹಾಲ್ ಕೂಡಿಸಿ ನೋಡಿ. ಸರ್ವಿಸ್ ಊರಲ್ಲಿ ಇಲ್ಲದಿದ್ದರೆ ನಾನು ಮಾತ್ರ ಒಂದು ಮೆಟ್ಟಿಲು ಕೆಳಗಿಳಿದು ಕೊಳ್ಳುತ್ತೇನೆ.

ಮ್ಯಾಗ್ನೆಟಿಕ್ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ನಡುಕದ ಮಿತಿಯನ್ನು ಹಳೆಯ ಕಣ್ಣಿನಲ್ಲಿ ನೋಡಬೇಡಿ. ಎಣ್ಣೆಯ ಬೇರಿಂಗಿನಲ್ಲಿ ಶಾಫ್ಟ್ 50 ಮೈಕ್ರಾನ್ ಪಕ್ಕಕ್ಕೆ ಸರಿದಾಡಿದರೆ ಎಲ್ಲರೂ ಓಡಿಬರುತ್ತಾರೆ. ಮ್ಯಾಗ್ನೆಟಿಕ್‌ಗೆ ಬೇರೆಯದೇ ಮಾನದಂಡ ಇದೆ, ಐಎಸ್‌ಒ 14839. ಅದರ ಎರಡನೇ ಭಾಗದ ಪ್ರಕಾರ ಶಾಫ್ಟ್ ನಡುವಿನಿಂದ ಸರಿಯುವುದು ಅತಿ ಕಿರಿದಾದ ಸಂದಿನ 0.3 ಪಟ್ಟಿನ ಒಳಗಿದ್ದರೆ ಮೊದಲ ದರ್ಜೆ. ಸಂದು 200 ಮೈಕ್ರಾನ್ ಆದರೆ 60 ಮೈಕ್ರಾನ್ ತನಕ ಆರೋಗ್ಯವೇ. 0.5 ಪಟ್ಟು ದಾಟಿದರೆ ಅಪಾಯ. ಮೂರನೇ ಭಾಗ ಇನ್ನೂ ಮುಖ್ಯ. ಕಂಟ್ರೋಲ್ ಎಷ್ಟು ಭದ್ರವಾಗಿದೆ ಅಂತ ಅಳೆಯುವ ಸೆನ್ಸಿಟಿವಿಟಿ ಗ್ರಾಫ್ ಅದು. ಅದರ ಶಿಖರ 3ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು, 5 ದಾಟಿದರೆ ಕೈಮುಗಿದು ಬಿಟ್ಟುಬಿಡಿ. ಈ ಬೇರಿಂಗ್ ತಾನೇ ಶಾಫ್ಟನ್ನು ಅಲುಗಿಸಿ ತಾನೇ ಅಳೆಯಬಲ್ಲದು, ಹಾಗಾಗಿ ಗ್ರಾಫ್ ತೆಗೆಯಲು ಹೊರಗಿನಿಂದ ಬೇರೆ ಮಷಿನ್ ತರಬೇಕಿಲ್ಲ. ಮಾರುವವರಿಗೆ ಅರ್ಧ ದಿನದ ಕೆಲಸ.

ಬ್ಲೋವರಿನವರಿಗೆ ಇದನ್ನೆಲ್ಲ ಹೇಳಿ ಮೂರು ಪ್ರಶ್ನೆ ಬರೆದುಕೊಟ್ಟೆ. ಪೂರ್ತಿ ವೇಗದಲ್ಲಿ ಎಷ್ಟು ಸಲ ಬಿದ್ದರೆ ಟಚ್‌ಡೌನ್ ಬೇರಿಂಗ್ ಬದಲಿಸಬೇಕು? ಆಂಪ್ಲಿಫೈಯರ್ ಕಾರ್ಡ್ ಸುಟ್ಟರೆ ಹೊಸದು ಎಷ್ಟು ದಿನದಲ್ಲಿ ಬರುತ್ತದೆ? ಇದೇ ಮಾಡೆಲಿನ ಸೆನ್ಸಿಟಿವಿಟಿ ಗ್ರಾಫ್ ಕಳಿಸಿ. ಅವರ ಘಟಕದಲ್ಲಿ ಆಮ್ಲಜನಕದ ಸೆನ್ಸರ್ ನೋಡಿಕೊಂಡು ಬ್ಲೋವರ್ ರಾತ್ರಿಯೆಲ್ಲ ಆನ್ ಆಫ್ ಆಗುತ್ತದಂತೆ, ಆದ್ದರಿಂದ ಫಾಯಿಲ್ ಕೊಟೇಶನ್ ಪಕ್ಕಕ್ಕೆ ಹೋಯಿತು. ಮ್ಯಾಗ್ನೆಟಿಕ್‌ನವರು ಮೊದಲ ಎರಡಕ್ಕೆ ಅದೇ ದಿನ ಉತ್ತರ ಕೊಟ್ಟರು. ಗ್ರಾಫ್ ಇನ್ನೂ ಬಂದಿಲ್ಲ. ಬರುವ ತನಕ ಅಡ್ವಾನ್ಸ್ ಕೊಡಬೇಡಿ ಅಂದಿದ್ದೇನೆ.